ಮುದ್ರೆಯಿಲ್ಲದ ಹಲಗೆಗಳು

"ಹಲಗೆಗಳೆಲ್ಲಿ?" ಎಂದು ಅಕ್ಷಯಾ ಕೇಳಿದಾಗ ಸುಮಂತ ಹೆಮ್ಮೆಯಿಂದಲೇ ನಕ್ಕ.

"ಯಾವುದು, ಆ ಕಪ್ಪಗಿನ ಹಳೇ ಮರದ್ದಾ? ಅದನ್ನು ಬಂದರಿನಲ್ಲೇ ತೆಗೆಸಿ ಹಾಕಿದೆ. ಒಂದರಲ್ಲೂ ಸೀಲ್ ಇರಲಿಲ್ಲ. ಇನ್‌ಸ್ಪೆಕ್ಷನ್ ಅಂತ ಇಡೀ ಕಂಟೇನರನ್ನೇ ಹಿಡಿದು ನಿಲ್ಲಿಸ್ತಿದ್ದರು. ನಿಮ್ಮ ಓಪನಿಂಗ್ ತಪ್ಪಿ ಹೋಗ್ತಿತ್ತು ಮಾರಾಯ್ರೆ."

"ತೆಗೆಸಿ ಹಾಕಿದೆ ಅಂದ್ರೆ?"

"ನಾಶ ಮಾಡ್ಲಿಕ್ಕೆ ಕೊಟ್ಟೆ. ಮಷೀನಿಗೆ ಹಾಕಿ ಪುಡಿ ಮಾಡ್ತಾರೆ."

ಬಾಂಗ್ಸಾರ್ ಬಡಾವಣೆಯ ಆ ಸಣ್ಣ ಗ್ಯಾಲರಿಯ ತುಂಬ ಆಗತಾನೇ ಬಿಚ್ಚಿದ ಪೆಟ್ಟಿಗೆಗಳಿದ್ದವು. ಅಕ್ಷಯಾ ಕೂದಲಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಎಳೆದು ತೆಗೆದು, ಮತ್ತೆ ಸಿಕ್ಕಿಸಿಕೊಂಡು, ಬರಿ ನೆಲದ ಮೇಲೆ ಕುಳಿತುಬಿಟ್ಟಳು. ಅವಳು ರೇಗಿದ್ದರೆ ಸುಮಂತನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಸುಮಂತ್," ಎಂದಳು ಮೆಲ್ಲಗೆ. "ಆ ಹಲಗೆಗಳೇ ಕಲಾಕೃತಿ."

ಸುಮಂತನ ಎದೆ ಝಲ್ಲೆಂದಿತು ಎಂದರೆ ಅದು ಅರ್ಧ ಸತ್ಯ. ಅದಕ್ಕೂ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವನೊಳಗೆ ಬೇರೊಂದು ಯೋಚನೆ ಹಾದುಹೋಯಿತು. ಹಾಗಾದರೆ ಇವಳು ಇಟಲಿಗೆ ಹೋಗುವುದಿಲ್ಲ. ಆ ಯೋಚನೆಗೆ ಅವನಿಗೆ ಖುಷಿಯಾಯಿತು, ಮರುಕ್ಷಣವೇ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಷ್ಟೂ ಹೊತ್ತು ಅಕ್ಷಯಾ ಅವನ ಮುಖವನ್ನೇ ನೋಡುತ್ತಿದ್ದಳು.

ತಪ್ಪು ಅವನದೇ, ಆದರೆ ಅವನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಹೊರದೇಶದಿಂದ ಸರಕಿನ ಜೊತೆ ಬರುವ ಪ್ಯಾಕಿಂಗ್ ಮರದ ಮೇಲೆ, ಒಳಗಿನ ಹುಳು ಸಾಯುವಷ್ಟು ಕಾಯಿಸಿದ್ದೇವೆ ಎಂಬ ಮುದ್ರೆ ಇರಬೇಕು. ಇಲ್ಲದಿದ್ದರೆ ಇಲ್ಲಿ ಮತ್ತೆ ಕಾಯಿಸಬೇಕು, ಇಲ್ಲವೇ ನಾಶ ಮಾಡಬೇಕು. ಪರದೇಶದ ಈ ಕ್ಲಾಂಗ್ ಬಂದರಿನ ಸರಕು ಸಾಗಣೆ ಕಂಪನಿಯಲ್ಲಿ ಪ್ರಾಯ ಸವೆಸಿದ ಈ ಉಡುಪಿಯ ಹುಡುಗನಿಗೆ ಮರ ಕಂಡರೆ ಸಾಕು, ಕಣ್ಣು ಮುದ್ರೆ ಹುಡುಕುತ್ತದೆ. ಮಾಮಕ್ ಟೀ ಅಂಗಡಿಯ ಸ್ಟೂಲನ್ನೂ ಮಗುಚಿ ನೋಡುವ ಆಸಾಮಿ. ಶಿಲ್ಪಗಳ ಪೆಟ್ಟಿಗೆಗಳ ಅಡಿಯಲ್ಲಿ ಸವೆದ ಹಲಗೆಗಳು ಮಲಗಿದ್ದುದನ್ನು ಕಂಡು, ಆಸರೆಗೆ ಹಾಕಿದ ಮರವೆಂದು ತಿಳಿದ. ಅವಳ ಕೆಲಸ ಸಲೀಸಾಗಲಿ ಎಂದು ಬೇಗಬೇಗ ಸಹಿ ಹಾಕಿದ.

ಅವನು ಕೂಡಲೇ ಜಯಕರನಿಗೆ ಫೋನ್ ಮಾಡಿದ. ಜಯಕರ ಅವನ ಊರಿನವನೇ, ಮರ ಕಾಯಿಸುವ ಯಾರ್ಡಿನ ಮ್ಯಾನೇಜರ್.

"ಎಂತ ಮಾರಾಯ, ಬೆಳಿಗ್ಗೆಯಿಂದ ಮಷೀನಿಗೆ ಹೋಗ್ತಾ ಉಂಟು," ಎಂದ ಜಯಕರ.

"ನಿಲ್ಲಿಸು. ಈಗಲೇ ನಿಲ್ಲಿಸು. ಎಷ್ಟು ಉಳಿದಿದೆ?"

"ನೋಡ್ಬೇಕಷ್ಟೆ. ನೀನು ಬಾ."

ಅಕ್ಷಯಾ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. ಕಾರಿನಲ್ಲಿ ಕ್ಲಾಂಗ್ ಕಡೆಗೆ ಹೊರಟಾಗ ಬಿಸಿಲು ಸುಡುತ್ತಿತ್ತು. ಫೆಡರಲ್ ಹೈವೇ ಎಂದಿನಂತೆ ಗಂಟಲವರೆಗೂ ತುಂಬಿತ್ತು.

"ಎಂತ ಕಲಾಕೃತಿ ಅದು? ನನಗೆ ಒಂದು ಮಾತು ಹೇಳ್ಬಾರದಿತ್ತಾ?" ಎಂದ ಅವನು.

"ನಿಮಗೇ ಅಂತ ಮುಚ್ಚಿಟ್ಟಿದ್ದೆ," ಎಂದಳು ಕಿಟಕಿಯ ಕಡೆ ಮುಖ ಮಾಡಿ. "ಟ್ಯೂರಿನ್‌ನ ಒಂದು ಫ್ಯಾಕ್ಟರೀದು. ಕೆಲಸದವರು ಮಷೀನ್ ಮುಂದೆ ಜೀವಮಾನ ಪೂರ್ತಿ ನಿಂತಿದ್ದ ಹಲಗೆ. ನಿಂತೂ ನಿಂತೂ ಎರಡು ಪಾದದ ಜಾಗ ಹಳ್ಳ ಬಿದ್ದಿರುತ್ತೆ. ಫ್ರಾಂಕಾ ಅದನ್ನ ತಂದು ಸುಮ್ನೆ ನೆಲಕ್ಕೆ ಹಾಸ್ತಾರೆ. ನೋಡೋಕೆ ಬಂದೋರು ಚಪ್ಪಲಿ ಬಿಟ್ಟು ಆ ಹಳ್ಳದಲ್ಲಿ ನಿಲ್ಲಬೇಕು. ಮೊದಲು ನಿಮ್ಮನ್ನ ನಿಲ್ಲಿಸೋಣ ಅನ್ಕೊಂಡಿದ್ದೆ."

ಸುಮಂತ ತನ್ನ ಬೂಟಿನತ್ತ ನೋಡಿಕೊಂಡ. ಯಾರ್ಡಿನಲ್ಲಿ ಆ ಹಲಗೆಗಳ ಮೇಲೆ ಅವನು ಬೂಟು ಹಾಕಿಕೊಂಡೇ ನಿಂತಿದ್ದ.

ಫ್ರಾಂಕಾ ಇಟಲಿಯ ಟ್ಯೂರಿನ್‌ನ ಹಿರಿಯ ಕಲಾವಿದೆ. ಇಂದಿನ ಟ್ಯೂರಿನ್ ನಗರದ ಕಲೆ, ವಿನ್ಯಾಸ, ಕಟ್ಟಡಗಳ ಈ ಪ್ರದರ್ಶನವನ್ನು ಅಕ್ಷಯಾ ಒಬ್ಬಳೇ ಕಟ್ಟಿ ನಿಲ್ಲಿಸುತ್ತಿದ್ದಳು. ಉದ್ಘಾಟನೆಗೆ ಬಂದು, ಮೆಚ್ಚಿದರೆ, ಫ್ರಾಂಕಾ ಅವಳನ್ನು ಎರಡು ವರ್ಷಕ್ಕೆ ತನ್ನ ಸ್ಟುಡಿಯೋಗೆ ಕರೆದುಕೊಂಡು ಹೋಗುವವಳಿದ್ದಳು. ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುವಾಗಿನಿಂದ ಅಕ್ಷಯಾ ಕಂಡ ಕನಸು ಅದೊಂದೇ. ಸುಮಂತನಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಪ್ರೀತಿಸಿದ್ದ, ಹೇಳಿಕೊಳ್ಳದೆ ಒಳಗೊಳಗೇ ಬೇಯುತ್ತಿದ್ದ.

ಮೊದಲ ಸಲ ಅವಳು ಬಂದರಿನ ಆಫೀಸಿಗೆ ಬಂದು ಇಂಗ್ಲಿಷಿನಲ್ಲಿ ಪ್ರಶ್ನೆಗಳ ಮಳೆ ಸುರಿಸಿದಾಗ ಅವನು ಜಯಕರನಿಗೆ ಫೋನಿನಲ್ಲಿ, "ಇಲ್ಲೊಬ್ಬರು ಬಂದು ತಲೆ ತಿಂತಿದ್ದಾರೆ," ಎಂದಿದ್ದ. "ಇನ್ನೂ ಶುರು ಮಾಡಿಲ್ಲ ಸರ್," ಎಂದಿದ್ದಳು ಅವಳು ಅಚ್ಚ ಮೈಸೂರು ಕನ್ನಡದಲ್ಲಿ. ಅವನ ಮುಖ ಕೆಂಪಾದದ್ದನ್ನು ಅವಳು ಬೇಕೆಂದೇ ಬಹಳ ಹೊತ್ತು ನೋಡಿದ್ದಳು.

ಆಮೇಲೆ ಸಂಜೆಗಳು ಬಂದವು. ಮಾಮಕ್ ಅಂಗಡಿಯಲ್ಲಿ ಒಂದೇ ಫೋನಿಗೆ ಇಬ್ಬರೂ ಬಾಗಿ, ಮ್ಯಾಪಿನಲ್ಲಿ ಟ್ಯೂರಿನ್‌ನ ಬೀದಿಗಳಲ್ಲಿ ನಡೆದರು.

"ಇಲ್ನೋಡಿ, ಕಾರ್ ಫ್ಯಾಕ್ಟರಿ. ಕಾರು ಕೆಳಗಿಂದ ರೆಡಿ ಆಗ್ತಾ ಆಗ್ತಾ ಮೇಲೆ ಹೋಗೋದು. ಆಮೇಲೆ ಟೆರೇಸ್ ಮೇಲೇ ಓಡಿಸಿ ಟೆಸ್ಟ್ ಮಾಡ್ತಿದ್ರು. ಈಗ ಅಲ್ಲಿ ಗಿಡ ನೆಟ್ಟಿದಾರೆ, ಜನ ವಾಕ್ ಮಾಡ್ತಾರೆ."

"ಟೆರೇಸ್ ಮೇಲೆ ಕಾರಾ? ಕೆಳಗೆ ಬಿದ್ದರೆ?"

"ನಿಮ್ಮಂಥೋರು ಕಟ್ಟಿದ್ರೆ ಬೀಳ್ತಿತ್ತು, ಬಿಡಿ."

ರೈಲು ರಿಪೇರಿಯ ಶೆಡ್ಡು ಅದೇ ಕಬ್ಬಿಣದ ಕಂಬಗಳ ಸಮೇತ ಕಲೆಯ ಹಾಲ್ ಆದದ್ದನ್ನು ತೋರಿಸಿದಳು. ಚಳಿಗಾಲದಲ್ಲಿ ಕಲಾವಿದರು ಬೀದಿಬೀದಿಗೆ ದೀಪ ತೂಗುಹಾಕುವುದನ್ನು ತೋರಿಸಿದಳು. ಹಳೇ ಬಟ್ಟೆ, ಕಲ್ಲು, ಇದ್ದಿಲು ಇವುಗಳಿಂದಲೇ ಕಲೆ ಮಾಡಿದವರ ಕತೆ ಹೇಳಿದಾಗ ಸುಮಂತ, "ಇದೆಲ್ಲ ನಮ್ಮ ಯಾರ್ಡಲ್ಲಿ ದಿನಾ ಬಿದ್ದಿರ್ತದೆ," ಎಂದ. "ಯಾವತ್ತಾದ್ರೂ ನಿಂತು ನೋಡಿದ್ದೀರಾ?" ಎಂದಳು. ಮರುದಿನ ಸಂಜೆ ಅವನು ನಿಂತು ನೋಡಿದ. ಒಂದರ ಮೇಲೊಂದು ಪೇರಿಸಿದ ಕಂಟೇನರುಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಕೆಂಪು, ನೀಲಿ, ತುಕ್ಕಿನ ಬಣ್ಣ ಎಲ್ಲ ಅವನಿಗೆ ಹೊಸದಾಗಿ ಕಂಡವು. ಫೋಟೋ ತೆಗೆದು ಕಳಿಸಿದ. ಅವಳು ಒಂದು ಕೆಂಪು ಹಾರ್ಟ್ ಕಳಿಸಿ, ತಕ್ಷಣ ಅಳಿಸಿದಳು. ಅಷ್ಟರಲ್ಲಿ ಅವನು ನೋಡಿಯಾಗಿತ್ತು.

ಅಷ್ಟೆಲ್ಲ ನೋಡಲು ಕಲಿತವನು ನಿಜವಾದದ್ದು ಕಾಲಡಿಗೆ ಬಂದಾಗ ಕುರುಡನಾದ. ಈಗ ಅದನ್ನು ನೆನೆದರೆ ಸುಮಂತನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಆವತ್ತು ನೀವು ಅಂದಿದ್ರಿ," ಎಂದಳು ಅಕ್ಷಯಾ, ಮುಂದಿನ ಲಾರಿ ನಿಂತಲ್ಲೇ ನಿಂತಾಗ. "ಕಂಟೇನರ್ ಸಮುದ್ರಕ್ಕೆ ಬಿದ್ದೋದ್ರೆ ನೀವು ಇಲ್ಲೇ ಇರ್ತೀರಲ್ಲ ಅಂತ."

"ಅದು ತಮಾಷೆಗೆ."

"ಇದೂ ತಮಾಷೆಗಾ?"

"ಬೇಕಂತ ಮಾಡ್ಲಿಲ್ಲ ಅಕ್ಷಯಾ. ದೇವರಾಣೆ."

"ಬೇಕಂತ ಮಾಡ್ಲಿಲ್ಲ, ಸರಿ. ಆದ್ರೆ ನಾನು ಹೇಳಿದಾಗ ನಿಮ್ಮ ಮುಖ ನೋಡ್ದೆ. ಒಂದು ಸೆಕೆಂಡು ನಿಮಗೆ ಖುಷಿಯಾಯ್ತು. ಇಲ್ಲ ಅನ್ನಿ."

ಇಲ್ಲ ಅನ್ನುವುದು ಸುಲಭವಿತ್ತು. ಸುಮಂತ ಮುಂದಿನ ಲಾರಿಯನ್ನೇ ನೋಡಿದ. ಹಿಂದಿನವನು ಹಾರ್ನ್ ಬಾರಿಸಿದ ಮೇಲೇ ಅವನು ಕಾರನ್ನು ಮುಂದಕ್ಕೆ ಬಿಟ್ಟ.

ಯಾರ್ಡಿನಲ್ಲಿ ಮರದ ಪುಡಿಯ ಗುಡ್ಡೆ ಬಿದ್ದಿತ್ತು. ಅರ್ಧಕ್ಕಿಂತ ಹೆಚ್ಚು ಹಲಗೆಗಳು ಅದರೊಳಗೆ ಸೇರಿಹೋಗಿದ್ದವು. ಅಕ್ಷಯಾ ಒಂದು ಹಿಡಿ ಎತ್ತಿಕೊಂಡಳು, ಏನು ಮಾಡಬೇಕೆಂದು ತೋಚದೆ ಅಲ್ಲಿಯೇ ಸುರಿದಳು. ಉಳಿದ ಹಲಗೆಗಳು ಗೋಡೆಗೆ ಒರಗಿದ್ದವು. ಅವಳು ಅವುಗಳ ಬಳಿ ಕೂತು ಪಾದದ ಹಳ್ಳಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಜಯಕರ ಅವಳಿಗೆ ಹೇಳಲಾರದೆ ಸುಮಂತನಿಗೆ ಹೇಳಿದ. "ಹೀಗೇ ಕೊಂಡೋಗ್ಲಿಕ್ಕೆ ಆಗುದಿಲ್ಲ. ಇಲ್ಲಿಗೆ ಬಂದದ್ದು ಕಾಯಿಸದೆ ಗೇಟು ದಾಟುದಿಲ್ಲ. ಹಳೇ ಮರ, ಬಿಸಿಗೆ ಸೀಳಿದರೆ ನನ್ನನ್ನು ಕೇಳ್ಬೇಡಿ."

"ಸೀಳದೇ ಇರಬಹುದಾ?" ಎಂದಳು ಅಕ್ಷಯಾ.

"ಇರಬಹುದು ಮೇಡಂ. ಹೇಳ್ಲಿಕ್ಕೆ ಬರುದಿಲ್ಲ."

"ಹಾಕಿ," ಎಂದಳು.

ಕಬ್ಬಿಣದ ಬಾಗಿಲು ಮುಚ್ಚಿತು. ಬಿಸಿ ಕೋಣೆಯ ಫ್ಯಾನು ಗುಂಯ್‌ಗುಟ್ಟತೊಡಗಿತು. ಹೊರಗಿನ ಬೆಂಚಿನ ಎರಡು ತುದಿಗಳಲ್ಲಿ ಇಬ್ಬರೂ ಕೂತರು. ಜಯಕರ ತಪಾವ್ ಅಂತ ಪಾರ್ಸೆಲ್ ಕಟ್ಟಿಸಿ ತಂದ ಟೀ ಪ್ಲಾಸ್ಟಿಕ್ ಚೀಲದಲ್ಲೇ ಆರಿತು.

ಅಕ್ಷಯಾ ಫ್ರಾಂಕಾಗೆ ಫೋನ್ ಮಾಡಿದಳು. ಸುಮಂತ ಎದ್ದು ದೂರ ಹೋಗಬೇಕೆಂದುಕೊಂಡ, ಆದರೆ ಅಲ್ಲೇ ಕೂತ. ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು, ಅವನ ಹೆಸರೊಂದನ್ನು ಬಿಟ್ಟು. ತಪ್ಪು ನನ್ನದು, ಅದೇನೆಂದು ನಾನೇ ಯಾರಿಗೂ ತಿಳಿಸಿರಲಿಲ್ಲ ಎಂದಳು. ಆಚೆ ಕಡೆಯಿಂದ ಮುದುಕಿಯ ಒಡಕು ದನಿ ಏನೋ ಹೇಳಿ ಫೋನಿಟ್ಟಿತು.

"ಏನಂದ್ರು?"

"ತುಂಬಾ ಬೇಜಾರಾಯ್ತು ಅಂದ್ರು. ಆಮೇಲೆ, ಫ್ಯಾಕ್ಟರಿ ಮುಚ್ಚಿದ ವರ್ಷ ಚಳಿಗೆ ಕೆಲಸದವರೇ ಎಷ್ಟೋ ಹಲಗೆ ಸುಟ್ಟಿದ್ರಂತೆ. ಉಳಿದಷ್ಟೇ ತಾನೂ ತಂದದ್ದು ಅಂದ್ರು. ಇಲ್ಲೂ ಉಳಿದಷ್ಟು ಹಾಸು ಅಂದ್ರು." ಅವಳು ಕಣ್ಣೊರೆಸಿಕೊಂಡಳು. "ಫೋನ್ ಮಾಡೋಕೆ ಧೈರ್ಯ ಮಾಡಿದ್ಯಲ್ಲ, ಸ್ಟುಡಿಯೋಗೆ ಅಂಥೋರೇ ಬೇಕು ಅಂದ್ರು. ಇವು ಸೀಳದೇ ಹೊರಗೆ ಬಂದ್ರೆ ನನ್ನ ಕರ್ಕೊಂಡು ಹೋಗ್ತಾರೆ."

ಅಂದರೆ ಬಾಗಿಲ ಹಿಂದೆ ಕಾಯುತ್ತಿದ್ದದ್ದು ಬರಿ ಮರವಲ್ಲ. ಅದು ಉಳಿದರೆ ಅವಳು ಹೋಗುತ್ತಾಳೆ. ಸುಮಂತ ಕಣ್ಣು ಮುಚ್ಚಿ ಕೈ ಜೋಡಿಸಿದ. ಉಳಿಯಲಿ ಎಂದೇ ಬೇಡಿಕೊಂಡ.

"ನೀವು ಕೇಳಿದ್ದಕ್ಕೆ ಉತ್ತರ ಹೇಳ್ತೇನೆ," ಎಂದ. "ಹೌದು. ಖುಷಿಯಾಯ್ತು. ಒಂದು ಸೆಕೆಂಡು. ನೀವು ಹೋಗುದಿಲ್ಲ ಅಂತ ಆಯ್ತು, ಅದಕ್ಕೆ. ನನಗೆ ನೀವು ಬೇಕು ಅಕ್ಷಯಾ. ಎಷ್ಟು ಬೇಕು ಅಂದರೆ, ನಿಮ್ಮ ಕನಸು ಹಾಳಾದದ್ದಕ್ಕೆ ಖುಷಿಪಡುವಷ್ಟು ಕೆಟ್ಟುಹೋಗಿದ್ದೇನೆ. ಇದನ್ನು ಪ್ರೀತಿ ಅಂತ ಹೇಳ್ಲಿಕ್ಕೆ ನನಗೆ ಮುಖ ಇಲ್ಲ."

ಅಕ್ಷಯಾ ಕೂದಲಿನ ಪೆನ್ಸಿಲನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಫ್ಯಾನು ತಿರುಗುತ್ತಲೇ ಇತ್ತು. ಬಂದರಿನ ಕಡೆಯಿಂದ ಲಾರಿಗಳು ಬಂದವು, ಹೋದವು.

"ನನಗೂ ಆಯ್ತು," ಎಂದಳು ಕೊನೆಗೆ.

"ಎಂತದು?"

"ಖುಷಿ. ಪುಡಿ ಮಾಡ್ತಾರೆ ಅಂದ್ರಲ್ಲ, ಆಗ. ಸದ್ಯ, ಇನ್ನು ಹೋಗೋ ಹಾಗಿಲ್ಲ, ಇವ್ರನ್ನ ಬಿಟ್ಟು ಹೋಗೋ ಹಾಗಿಲ್ಲ ಅನ್ನಿಸ್ತು. ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಅದಕ್ಕೇ ದಾರಿ ಉದ್ದಕ್ಕೂ ನಿಮ್ಮನ್ನ ಚುಚ್ಚಿದ್ದು." ಅವಳು ಪುಡಿಯ ಗುಡ್ಡೆಯತ್ತ ನೋಡಿದಳು. "ಆದ್ರೆ ನಾನು ಹೋಗ್ಬೇಕು ಸುಮಂತ್. ಹೋಗದಿದ್ರೆ ಆಮೇಲೆ ನಿಮ್ಮ ಮುಖ ನೋಡಿದಾಗೆಲ್ಲ ಈ ಗುಡ್ಡೆನೇ ಕಾಣುತ್ತೆ."

"ಹೋಗ್ಬೇಕು," ಎಂದ ಅವನು.

ಹೊತ್ತು ಇಳಿಯುವಾಗ ಜಯಕರ ಬಾಗಿಲು ತೆರೆದ. ಒಳಗಿಂದ ಹಳೇ ಎಣ್ಣೆಯ, ಬೆಂದ ಮರದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಒಂದು ಹಲಗೆ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮಿಕ್ಕವು ಗಟ್ಟಿಯಾಗಿದ್ದವು. ಅಕ್ಷಯಾ ಗೋಡೆ ಹಿಡಿದು ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಗೆದ್ದದ್ದಕ್ಕೋ ಸೋತದ್ದಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು ತುದಿ ಹಿಡಿದಳು. ಹಲಗೆ ಇನ್ನೂ ಬಿಸಿಯಾಗಿತ್ತು, ಕೈಗವಸಿನೊಳಗೂ ತಾಕುತ್ತಿತ್ತು. ಎದುರುಬದುರಾಗಿ, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಜಯಕರ ತರಿಸಿದ್ದ ಲಾರಿಯ ಕಡೆ ನಡೆದರು.

"ಟ್ಯೂರಿನ್‌ಗೆ ಸಮುದ್ರ ಇಲ್ಲ," ಎಂದಳು ಅವಳು.

"ಗೊತ್ತು. ನನ್ನಂಥವನಿಗೆ ಅಲ್ಲಿ ಎಂತ ಕೆಲಸ?"

"ರೈಲಲ್ಲಿ ಎರಡು ಗಂಟೆ ಹೋದ್ರೆ ಜಿನೋವಾ. ದೊಡ್ಡ ಬಂದರು. ನಿಮ್ಮ ಥರದ ಕಂಪನಿಗಳು ಬೇಕಾದಷ್ಟಿವೆ. ನೀವಿಲ್ಲದಾಗ ನಾನೊಬ್ಬಳೇ ಮ್ಯಾಪಲ್ಲಿ ಅಲ್ಲೆಲ್ಲ ಸುತ್ತಿದ್ದೀನಿ. ನಿಮ್ಮ ಆಫೀಸು ಎಲ್ಲಿರಬಹುದು, ಸಂಜೆ ಯಾವ ಸ್ಟೇಷನ್ನಲ್ಲಿ ಇಳೀತೀರಿ ಅಂತೆಲ್ಲ." ಅವಳು ಮೂಗೆಳೆದುಕೊಂಡಳು. "ಕಂಟೇನರ್ ಮುಳುಗ್ಲಿ ಅಂದ್ರಿ. ನಾನೂ ಬರ್ಲಾ ಅಂತ ಒಂದ್ಸಲಾನೂ ಕೇಳ್ಲಿಲ್ಲ."

ಸುಮಂತ ನಿಂತುಬಿಟ್ಟ. ಹಲಗೆಯೂ ನಿಂತಿತು, ಅವಳೂ ನಿಂತಳು. ಇಷ್ಟು ದಿನ ಹೋಗಬೇಡಿ ಎನ್ನುವ ಒಂದೇ ಮಾತನ್ನು ಬಾಯಿಗೆ ಬಾರದಂತೆ ಕಟ್ಟಿಹಾಕಿಕೊಂಡು ಒದ್ದಾಡಿದ್ದನೇ ಹೊರತು, ಈ ಪ್ರಶ್ನೆ ಅವನ ತಲೆಗೇ ಹೊಳೆದಿರಲಿಲ್ಲ.

"ನಾನೂ ಬರ್ಲಾ?" ಎಂದ.

ಇಬ್ಬರ ಕೈಯಲ್ಲೂ ಹಲಗೆಯಿದ್ದುದರಿಂದ ಯಾರಿಗೂ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. "ಹೂಂ," ಎಂದಳು ಅಕ್ಷಯಾ. "ಮೊದಲು ಇದನ್ನ ಮೆಲ್ಲಗೆ ಇಳಿಸಿ."