ಉಂಗುರದ ಮೊಳೆ

ಬ್ಯಾಟರಿ ಮುಟ್ಟುವ ಮುಂಚೆ ಉಂಗುರ ಬಿಚ್ಚಿಡುವುದನ್ನು ಗ್ಯಾರೇಜ್ ಮೇಸ್ತ್ರಿ ಮರೆತಿರಬಹುದೇ? ಇಪ್ಪತ್ತು ವರ್ಷ ಮರೆಯದವನು, ಇವತ್ತೊಂದು ದಿನ? ಇನ್‌ಸ್ಪೆಕ್ಟರ್ ಅವನ ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳನ್ನೇ ನೋಡುತ್ತಿದ್ದ. ಬೆರಳಲ್ಲಿ ಉಂಗುರವಿತ್ತು.

ಮನೆ ಹಿಂದಿನ ಶೆಡ್. ಬೆಂಚಿಗೆ ಬಿಗಿದ ಇಕ್ಕಳದಂಥ ವೈಸಿನ ಹಿಡಿತದಲ್ಲಿ ಒಂದು ಗ್ಲೋ ಪ್ಲಗ್. ತಣ್ಣಗಿನ ಡೀಸೆಲ್ ಎಂಜಿನ್ನಿಗೆ ಮೊದಲ ಬಿಸಿ ಕೊಡುವ ಬೆರಳುದ್ದದ ಕಡ್ಡಿ. ಅದರಿಂದ ಬ್ಯಾಟರಿಗೆ ಎರಡು ವೈರು. ಮೇಸ್ತ್ರಿಯ ತಲೆ ಹಳೇ ಎಂಜಿನ್ನಿನ ಅಂಚಿಗೆ ಬಡಿದು ಒಡೆದಿತ್ತು.

“ಕಿಡಿ ಹಾರಿದೆ, ಬೆಚ್ಚಿ ಹಿಂದಕ್ಕೆ ಬಿದ್ದಿದ್ದಾರೆ ಸಾರ್,” ಎಂದ ಪೇದೆ.

“ಕೈಗವಸು?”

“ಬೆಂಚಿನ ಮೇಲೆ. ಮಡಚಿದ್ದು ಮಡಚಿದ ಹಾಗೇ ಇದೆ.”

*

ಮೇಸ್ತ್ರಿಯ ಹೆಂಡತಿ ಅಳಲಿಲ್ಲ. “ಆಂಬುಲೆನ್ಸ್ ಡ್ರೈವರ್ ಬೆಳಿಗ್ಗೆ ಬಂದು ಕೂಗಾಡಿದ. ಗಾಡಿ ಸ್ಟಾರ್ಟ್ ಆಗದೆ ದಾರಿಯಲ್ಲೇ ಒಂದು ಜೀವ ಹೋಯಿತಂತೆ. ಪ್ಲಗ್ ಹಾಕಿದ್ದು ಮೈದುನ. ನಾಲ್ಕೂ ಹೊಸದು ಅಂದಿದ್ದ. ಇವರು ಬಿಚ್ಚಿ ಪರೀಕ್ಷೆ ಮಾಡ್ತೀನಿ ಅಂತ ಕೂತರು.”

“ಉಂಗುರ?”

“ಕಾಫಿ ಕೊಡೋಕೆ ಹೋದಾಗ ಮೊಳೆಯಲ್ಲಿ ತೂಗ್ತಿತ್ತು. ‘ಬ್ಯಾಟರಿಗೆ ಚಿನ್ನ ತೋರಿಸಬೇಡ, ಹೆಂಡತಿಗಿಂತ ಮೊದಲು ಅದೇ ಕಿತ್ಕೊಳ್ಳುತ್ತೆ’ ಅಂತಿದ್ದರಲ್ಲ.” ಅವಳ ತುಟಿ ನಗಲು ಹೋಗಿ ನಿಂತಿತು.

*

ಮೇಸ್ತ್ರಿಯ ತಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಖಾಲಿ ಮೊಳೆಯ ಕಡೆ ಮಾತ್ರ ನೋಡುತ್ತಿರಲಿಲ್ಲ.

“ಡ್ರೈವರನ್ನ ಹಿಡೀರಿ ಸಾರ್.”

“ಹಿಡೀಬಹುದಿತ್ತು.” ಇನ್‌ಸ್ಪೆಕ್ಟರ್ ಉಂಗುರವನ್ನು ಮೆಲ್ಲಗೆ ಸರಿಸಿದ. “ನೋಡು. ಉಂಗುರದ ಕೆಳಗೂ ಗ್ರೀಸಿನ ಮಸಿ. ಹಾಕಿಕೊಂಡು ಕೆಲಸ ಮಾಡಿದ್ದರೆ ಅಲ್ಲಿ ಬೆಳ್ಳಗಿರಬೇಕಿತ್ತು. ಸತ್ತ ಮೇಲೆ ಯಾರೋ ತೊಡಿಸಿದ್ದಾರೆ. ಕಿಡಿ ಹಾರಿದಂತೆ ಕಾಣಲಿ ಅಂತ ವೈರು ಸಿಕ್ಕಿಸಿದ್ದೂ ಅವರೇ. ಕೈಗವಸಿಲ್ಲದೆ ಮೇಸ್ತ್ರಿ ವೈರು ಮುಟ್ಟುವವನಲ್ಲ. ಡ್ರೈವರ್ ಆಗಿದ್ದರೆ ಉಂಗುರ ಮೊಳೆಯಲ್ಲೇ ಉಳೀತಿತ್ತು. ಹೊರಗಿನವರಿಗೆ ಆ ಬೆರಳಿನ ಚಿಂತೆ ಯಾಕೆ?”

ತಮ್ಮ ಮೊದಲ ಸಲ ಆ ಮೊಳೆಯ ಕಡೆ ನೋಡಿದ.

“ನಾಲ್ಕರಲ್ಲಿ ಎರಡು ಪ್ಲಗ್ ಹಳೇದೇ ಸಾರ್. ತೊಳೆದು ಹಾಕಿದ್ದೆ. ಕರೆಂಟು ಕೊಟ್ಟರೆ ಕೆಂಪಾಗಲ್ಲ, ಗೊತ್ತಾಗಿಬಿಡುತ್ತೆ. ‘ಬೇಡ ಅಣ್ಣಾ’ ಅಂದೆ. ಮೂರು ಸಲ ಅಂದೆ. ಕೇಳಲಿಲ್ಲ. ತಳ್ಳಿದೆ, ಅಷ್ಟೇ.”

“ಉಂಗುರ ಯಾಕೋ?”

“ಅತ್ತಿಗೆ ಬರಿ ಬೆರಳು ನೋಡಬಾರದು ಅಂತ.”

ವೈಸಿನಲ್ಲಿದ್ದ ಪ್ಲಗ್ಗಿನ ತುದಿ ಕಪ್ಪಗೇ ಇತ್ತು.

*

ವರದಿಯಲ್ಲಿ ಇನ್‌ಸ್ಪೆಕ್ಟರ್ ಎಲ್ಲವನ್ನೂ ಬರೆದ: ಉಂಗುರ, ಮಸಿ, ಮಡಚಿದ ಕೈಗವಸು. ಬೆಳಿಗ್ಗೆ ಹತ್ತಕ್ಕೆ ತನ್ನ ಜೀಪು ಮೇಸ್ತ್ರಿಯ ಮನೆ ಗೇಟಿನ ಮುಂದೆ ನಿಧಾನವಾದದ್ದನ್ನು, ‘ಬೇಡ ಅಣ್ಣಾ’ ಎಂಬ ಕೂಗು ಎರಡು ಸಲ ಕೇಳಿಸಿದ್ದನ್ನು, ಅಣ್ಣತಮ್ಮಂದಿರ ಜಗಳದಲ್ಲಿ ನಮಗೇನು ಕೆಲಸ ಎಂದು ತಾನು ಮುಂದೆ ಹೋದದ್ದನ್ನು ಅವನು ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.