ನಾಲ್ಕು ಬೆರಳು ಆಳ

ಟೈಲರ್ ನಮ್ಮ ಅಂಗಡಿಗೆ ಬಂದ ದಿನ ಅವನ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಎದ್ದು ಓಡಿ ಬಂದಿದ್ದಾನೆ ಅಂತ ನೋಡಿದ ಕೂಡಲೇ ಗೊತ್ತಾಯಿತು.

"ಇರೋದ್ರಲ್ಲೇ ದೊಡ್ಡ ಕಾಯಿಲ್ ಕೊಡಿ," ಅಂದ.

ನಮ್ಮದು ಮೆಟಲ್ ಡಿಟೆಕ್ಟರ್ ರಿಪೇರಿ ಮಾಡಿ ಬಾಡಿಗೆಗೆ ಕೊಡುವ ಅಂಗಡಿ. ಕಾಯಿಲ್ ಅಂದರೆ ಡಿಟೆಕ್ಟರಿನ ಕೋಲಿನ ತುದಿಗೆ ಇರುವ ದುಂಡನೆಯ ತಟ್ಟೆ. ನೆಲದೊಳಗಿನ ಲೋಹವನ್ನು ಕೇಳಿಸಿಕೊಳ್ಳುವ ಕಿವಿ ಅದೇ. ಆರು ಇಂಚಿನದರಿಂದ ಹದಿನೈದು ಇಂಚಿನದರವರೆಗೆ ನಮ್ಮ ಗೋಡೆಯ ತುಂಬಾ ನೇತಾಡುತ್ತವೆ. ಬರುವವರು ಹೆಚ್ಚಾಗಿ ಹಳೇ ಪೈಪ್ ಹುಡುಕುವ ಪ್ಲಂಬರುಗಳು, ಗಡಿಯ ಗೂಟ ಹುಡುಕುವ ಸರ್ವೇಯರುಗಳು. ಟೈಲರ್ ಬಂದದ್ದು ಅದೇ ಮೊದಲು.

"ಏನು ಕಳೆದಿದೆ?" ಅಂದೆ.

"ದೊಡ್ಡದಾದ್ರೆ ಜಾಸ್ತಿ ಆಳಕ್ಕೆ ಹೋಗತ್ತಲ್ವಾ?"

"ಕೇಳಿದ್ದು ಏನು ಕಳೆದಿದೆ ಅಂತ."

ಅವನು ನನ್ನ ಮುಖ ನೋಡುವುದು ಬಿಟ್ಟು ನನ್ನ ಕೈ ನೋಡಿದ. "ನಿಮ್ಮ ಅಂಗಿದು ಎಡಗೈ ಅರ್ಧ ಇಂಚು ಉದ್ದ ಇದೆ. ಯಾರು ಹೊಲಿದಿದ್ದು?"

"ಹೌದಾ? ಇದನ್ನ ಹೇಳೋಕೆ ಡಿಟೆಕ್ಟರ್ ಅಂಗಡಿಗೆ ಬಂದ್ರಾ?"

ಅವನ ಕಿವಿ ಕೆಂಪಾಯಿತು. ನನಗೆ ಒಳಗೊಳಗೇ ಖುಷಿಯಾಯಿತು. ಕೌಂಟರಿನ ಹಿಂದೆ ಪೇಪರ್ ಓದುತ್ತಿದ್ದ ಅಪ್ಪ ಕೆಮ್ಮಿದರು. ಅಪ್ಪ ಪೇಪರ್ ಓದುವುದು ಬರೀ ಹೆಸರಿಗೆ, ಕಿವಿಯೆಲ್ಲಾ ಈ ಕಡೆಗೇ.

ಆಮೇಲೆ ವಿಷಯ ಹೊರಗೆ ಬಂತು. ಕಳೆದದ್ದು ಒಂದು ಅಂಗುಸ್ತಾನ, ಹೊಲಿಯುವಾಗ ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕುವ ಪುಟ್ಟ ಬೆಳ್ಳಿ ಟೋಪಿ. ಅವನ ಅಮ್ಮನದು. ಅವನಿಗೆ ಹೊಲಿಗೆ ಕಲಿಸಿದ್ದು ಆಕೆಯೇ. ಕೈ ನಡುಗಲು ಶುರುವಾದ ಮೇಲೆ ಆಕೆ ಅದನ್ನು ತೆಗೆದು ಮಗನ ಬೆರಳಿಗೆ ಹಾಕಿ, ಮತ್ತೆ ಸೂಜಿ ಮುಟ್ಟಲಿಲ್ಲವಂತೆ. ಈಗ ಮಗಳ ಬಾಣಂತನಕ್ಕೆ ಹೋಗಿದ್ದರು. ಇತ್ತ ಇವನು ಅಂಗಡಿಯ ಹಿತ್ತಲಲ್ಲಿ ಚಿಂದಿ ಒದರುವಾಗ ಅದು ಜಾರಿ ಬಿತ್ತು. ಹುಡುಕುವಷ್ಟರಲ್ಲಿ ಕತ್ತಲಾಯಿತು. ಮಾರನೇ ಬೆಳಗ್ಗೆ ಪೈಪ್ ಹಾಕುವವರು ಬಂದು ಹಿತ್ತಲನ್ನೆಲ್ಲಾ ತಿರುವಿಹಾಕಿಬಿಟ್ಟರು.

"ಅಮ್ಮ ಬರೋಕೆ ಒಂದು ತಿಂಗಳಿದೆ," ಅಂದ. "ಅಷ್ಟರೊಳಗೆ ಸಿಗಬೇಕು. ಸಿಗದಿದ್ರೆ ನಾನು ಯಾವ ಮುಖ ಇಟ್ಕೊಂಡು ಅವರ ಎದುರಿಗೆ ನಿಲ್ಲಲಿ?"

ಇಲ್ಲಿ ನಾನು ಹೇಳಬೇಕಾದ ಮಾತೊಂದಿತ್ತು. ದೊಡ್ಡ ಕಾಯಿಲ್ ಆಳಕ್ಕೆ ಹೋಗುವುದು ನಿಜ, ಆದರೆ ಅದು ಆಳದಲ್ಲಿ ನೋಡುವುದು ದೊಡ್ಡ ವಸ್ತುಗಳನ್ನು. ಬೆರಳ ತುದಿಯಷ್ಟು ಬೆಳ್ಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೇಲಾಗಿ ಟೈಲರನ ಹಿತ್ತಲು! ವರ್ಷಾನುಗಟ್ಟಲೆ ಗುಡಿಸಿ ಎಸೆದ ಗುಂಡುಪಿನ್ನು, ಹುಕ್ಕು, ಮುರಿದ ಸೂಜಿ ಅಲ್ಲಿ ಎಷ್ಟಿರಬೇಡ! ದೊಡ್ಡ ತಟ್ಟೆ ಅದನ್ನೆಲ್ಲಾ ಒಟ್ಟಿಗೇ ಕೇಳಿಸಿಕೊಂಡು ಗೊಂದಲಕ್ಕೆ ಬೀಳುತ್ತದೆ. ಅಲ್ಲಿಗೆ ಬೇಕಾದದ್ದು ಆರು ಇಂಚಿನದು. ಅದಕ್ಕೆ ಆಳ ಕಡಿಮೆ, ಆದರೆ ಒಂದೊಂದನ್ನೇ ಬಿಡಿಸಿ ಹೇಳುತ್ತದೆ.

ನಾನು ಹದಿನೈದು ಇಂಚಿನದನ್ನು ಇಳಿಸಿ ಕೊಟ್ಟೆ. ಕೇಳಿದ್ದು ಅವನೇ ತಾನೇ? ಗಿರಾಕಿ ಕೇಳಿದ್ದನ್ನು ಕೊಡುವುದು ತಪ್ಪೇ? ಅವನು ಹೋದ ಮೇಲೆ ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು.

"ಸೂಜಿ ಹುಡುಕೋನಿಗೆ ಗುದ್ದಲಿ ಕೊಟ್ಟು ಕಳಿಸಿದ್ಯಲ್ಲೇ?"

"ಸಿಗದಿದ್ರೆ ವಾಪಸ್ ಬರ್ತಾನೆ. ಆಗ ಬದಲಾಯಿಸಿ ಕೊಟ್ರಾಯ್ತು."

"ಓಹೋ," ಅಂದರು ಅಪ್ಪ, ಎರಡು ಮಾರು ಉದ್ದಕ್ಕೆ.

ಅವನು ಗುರುವಾರ ಬಂದ. ಕೈಯಲ್ಲಿ ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ. "ಒಂದೂವರೆ ಅಡಿ ಆಳದಲ್ಲಿತ್ತು ಕಣ್ರೀ! ನಿಮ್ಮ ಮಷಿನ್ ಸೂಪರ್." ಮುಖದ ತುಂಬಾ ಮಣ್ಣು, ಮಣ್ಣಿನ ನಡುವೆ ನಗು. ಆ ನಗು ನೋಡಿ ಬದಲಾಯಿಸಬೇಕಾದ ಕಾಯಿಲ್ ನನ್ನ ತಲೆಯಿಂದ ಹಾರಿಹೋಯಿತು. ಹಾರಿಹೋಯಿತು ಅನ್ನುವುದು ಸುಳ್ಳು. ನಾನೇ ಹಾರಿಸಿದೆ.

"ಬೇರೆ ತಟ್ಟೆ ಹಾಕಿ ನೋಡೋದಾ?" ಅಂತ ಅವನೇ ಕೇಳಿದ.

"ಇದ್ರಲ್ಲೇ ಇನ್ನೊಂದ್ಸಲ ನಿಧಾನವಾಗಿ ನೋಡಿ," ಅಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ತೆರೆದುಕೊಂಡೇ ಕುಡಿದೆ.

ಮುಂದಿನ ವಾರ ಬಾಗಿಲ ಚಿಲಕ ಬಂತು, ಆಮೇಲೆ ನಲ್ಲಿಯ ತಲೆ. ಒಂದೊಂದನ್ನೂ ಅವನು ಕೌಂಟರಿನ ಮೇಲಿಟ್ಟು ಕಥೆ ಹೇಳುವನು. ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, ನನ್ನನ್ನೊಮ್ಮೆ ನೋಡಿ, ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವನು. ನಾನು ತಂತಿಗೆ ಸಾಲ್ಡರಿಂಗ್ ಬೆಸುಗೆ ಹಾಕುವವಳಂತೆ ತಲೆ ಬಗ್ಗಿಸುವೆ. ಬೆಸುಗೆ ಕಡ್ಡಿ ಬಿಸಿಯೇ ಆಗಿಲ್ಲ ಅಂತ ಅಪ್ಪ ನೆನಪಿಸುವರು. ಹೆತ್ತ ಅಪ್ಪನೇ ಹೀಗೆ ಮರ್ಯಾದೆ ತೆಗೆದರೆ ಯಾರಿಗೆ ದೂರುವುದು?

ಮೂರನೇ ವಾರ ಅವನಿಗೆ ನನ್ನ ಅಂಗಿಯ ಎಡಗೈಯನ್ನು ಇನ್ನು ಸಹಿಸಲು ಆಗಲಿಲ್ಲ.

"ಕೈ ಕೊಡಿ. ಎರಡೇ ನಿಮಿಷ."

"ಹಾಕ್ಕೊಂಡಿರೋವಾಗ್ಲೇ?"

"ಅಲ್ಲಾಡ್ಬೇಡಿ ಅಷ್ಟೇ."

ತನ್ನ ಅಂಗಿಯ ಜೇಬಿನಿಂದ ಸೂಜಿ ದಾರ ತೆಗೆದ. ನನ್ನ ಮುಂಗೈಯನ್ನು ಕೌಂಟರಿನ ಮೇಲಿಟ್ಟು, ಪಟ್ಟಿಯನ್ನು ಒಳಕ್ಕೆ ಮಡಚಿ, ತಲೆ ಬಗ್ಗಿಸಿದ. ಅವನ ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಉದ್ದನೆಯ ರೆಪ್ಪೆಗಳು. ಅದರಲ್ಲೊಂದಕ್ಕೆ ನೂಲಿನ ಚೂರು ಅಂಟಿತ್ತು. ತೆಗೆಯಲೇ, ಬೇಡವೇ ಅಂತ ನಾನು ಯೋಚಿಸುತ್ತಿರುವಾಗ ಅವನು "ಸ್" ಅಂದ.

ಸೂಜಿ ಚುಚ್ಚಿತ್ತು. ನಡುಬೆರಳ ತುದಿಯಲ್ಲಿ ರಕ್ತದ ಹನಿ. ಅದರ ಸುತ್ತ ಹಳೆಯ ಚುಚ್ಚುಗಳು, ಇಪ್ಪತ್ತಕ್ಕೂ ಹೆಚ್ಚು. ಕೆಲವು ಕಪ್ಪಾಗಿದ್ದವು, ಒಂದು ಊದಿಕೊಂಡಿತ್ತು.

"ಏನ್ರೀ ಇದು?"

"ಬೇರೆ ಅಂಗುಸ್ತಾನ ತಗೊಳ್ಳೋಕೆ ಮನಸ್ಸು ಬರ್ತಿಲ್ಲ. ತಗೊಂಡ್ರೆ ಅಮ್ಮಂದು ಸಿಗಲ್ಲ ಅಂತ ಒಪ್ಪಿಕೊಂಡ ಹಾಗೆ."

ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಪ್ರತಿಯೊಂದು ಚುಚ್ಚೂ ನನ್ನ ಲೆಕ್ಕದ್ದೇ ಅನ್ನಿಸಿತು. ನಾಳೆ ಹೇಳುತ್ತೇನೆ ಅಂದುಕೊಂಡೆ. ಹೇಳಿದರೆ ಅವನು ಮತ್ತೆ ಬರುವುದಿಲ್ಲ ಅಂತಲೂ ಅಂದುಕೊಂಡೆ. ಹೀಗೆ ನಾಳೆ ನಾಳೆ ಅನ್ನುತ್ತಾ ನಾಲ್ಕು ದಿನ ಕಳೆದವು.

ಐದನೇ ದಿನ ಬೆಳಗ್ಗೆ ಅವನು ಡಿಟೆಕ್ಟರನ್ನು ಒರೆಸಿ ಶುಚಿ ಮಾಡಿ ತಂದ.

"ವಾಪಸ್ ತಗೊಳ್ಳಿ. ಕಟ್ಟಡದ ಓನರ್ ನಾಳೆ ಹಿತ್ತಲಿಗೆ ಕಾಂಕ್ರೀಟ್ ಹಾಕಿಸ್ತಾರಂತೆ. ಭಾನುವಾರ ಅಮ್ಮ ಬರ್ತಾರೆ." ಸ್ವಲ್ಪ ಹೊತ್ತು ಕೌಂಟರಿನ ಅಂಚು ಸವರಿದ. "ನಿಮಗೂ ತುಂಬಾ ತೊಂದ್ರೆ ಕೊಟ್ಟೆ. ನೀವು ಮಾಡೋದೆಲ್ಲಾ ಮಾಡಿದ್ರಿ."

ಸುಮ್ಮನಿದ್ದಿದ್ದರೆ ಅವನಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಪೇಪರ್ ಕೆಳಗಿಟ್ಟರು. ನನ್ನನ್ನು ನೋಡಿದರು.

"ನಾನು ಏನೂ ಮಾಡಿಲ್ಲ," ಅಂದೆ. "ನಿಮಗೆ ಕೊಟ್ಟಿದ್ದೇ ತಪ್ಪು ಕಾಯಿಲ್. ದೊಡ್ಡದಕ್ಕೆ ಅಷ್ಟು ಚಿಕ್ಕ ವಸ್ತು ಕಾಣಲ್ಲ. ಮೊದಲ ದಿನಾನೇ ಗೊತ್ತಿತ್ತು ನಂಗೆ."

"ಗೊತ್ತಿತ್ತಾ?"

"ಗೊತ್ತಿತ್ತು. ಸಿಕ್ಕಿಬಿಟ್ರೆ ನೀವು ಮತ್ತೆ ಬರಲ್ಲ ಅಂತ, ಅದಕ್ಕೇ ಹೇಳ್ಲಿಲ್ಲ."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ನಾನು ಗೋಡೆಯಿಂದ ಆರು ಇಂಚಿನದನ್ನು ಕಿತ್ತುಕೊಂಡು, ಕೋಲಿಗೆ ಸಿಕ್ಕಿಸಿ, "ಬೈಯೋದೆಲ್ಲಾ ಆಮೇಲೆ ಬೈರಿ, ಈಗ ಬನ್ನಿ," ಅಂತ ಹೊರಟೆ.

ದಾರಿಯುದ್ದಕ್ಕೂ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಹಿತ್ತಲ ಬಾಗಿಲು ತೆರೆದ. ಎಲ್ಲಿ ನೋಡಿದರೂ ಗುಂಡಿ, ಎರಡಡಿ ಆಳದವು, ಒಂದೊಂದರ ಪಕ್ಕದಲ್ಲೂ ಜರಡಿ ಹಿಡಿದ ಮಣ್ಣಿನ ಗುಡ್ಡೆ. ಅವನು ಅಗೆಯದೆ ಬಿಟ್ಟ ಜಾಗಗಳಲ್ಲಿ ನಾನು ಮೊಣಕಾಲೂರಿ, ತಟ್ಟೆಯನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟು ಅಂಗೈ ಅಂಗೈ ದೂರ ಸರಿಸಿದೆ. ಪಿನ್ನು. ಪಿನ್ನು. ಹುಕ್ಕು. ಹಿಂಬಾಗಿಲ ಮೆಟ್ಟಿಲ ಪಕ್ಕದಲ್ಲಿ ಎರಡು ಒರಟು ಸದ್ದುಗಳ ನಡುವೆ ಒಂದು ತೆಳ್ಳನೆಯ, ಸ್ವಚ್ಛವಾದ ಸದ್ದು ಕೇಳಿಸಿತು.

"ಇಲ್ಲಿ," ಅಂದೆ.

ಅವನು ಕೈಯಿಂದಲೇ ಬಗೆದ. ನಾಲ್ಕು ಬೆರಳು ಆಳ, ಅಷ್ಟೇ. ಮಣ್ಣು ಮೆತ್ತಿದ ಅಂಗುಸ್ತಾನವನ್ನು ಅಂಗಿಗೆ ಒರೆಸಿ ನಡುಬೆರಳಿಗೆ ಹಾಕಿಕೊಂಡ. ಕಣ್ಣು ತುಂಬಿ ಬಂತು. ಆಮೇಲೆ ಕೈಗಡಿಯಾರ ನೋಡಿದ.

"ಇಪ್ಪತ್ತು ನಿಮಿಷ," ಅಂದ. ಸುತ್ತ ಇದ್ದ ಗುಂಡಿಗಳನ್ನು ಒಂದೊಂದಾಗಿ ನೋಡಿದ. "ಬರೀ ಇಪ್ಪತ್ತು ನಿಮಿಷದ ಕೆಲಸ."

"ತಪ್ಪಾಯ್ತು."

"ನೀವು ಈಗ ಹೋಗಿ," ಅಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಭಾನುವಾರ ಹೋಯಿತು, ಸೋಮವಾರ ಹೋಯಿತು. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ತಲೆ ಎತ್ತುತ್ತಿದ್ದೆ, ನೋಡಿದರೆ ಪ್ಲಂಬರ್. ಮಾಡಿದ್ದುಣ್ಣೋ ಮಹರಾಯ ಅಂತ ನನಗೆ ನಾನೇ ಹೇಳಿಕೊಂಡೆ. ಅಪ್ಪ ಒಂದೇ ಒಂದು ಸಲವೂ ಛೇಡಿಸಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಬುಧವಾರ ಬೆಳಗ್ಗೆ ಅವನು ಬಂದ. ಕೈಯಲ್ಲಿ ಚಿಲಕವಿಲ್ಲ, ನಲ್ಲಿಯಿಲ್ಲ, ಏನೂ ಇಲ್ಲ.

"ಏನು ಕಳೆದಿದೆ?" ಅಂದೆ.

"ಏನೂ ಕಳೆದಿಲ್ಲ."

"ಏನು ಬೇಕಿತ್ತು?"

"ಏನೂ ಬೇಡ."

"ಕೋಪ?"

"ಇದೆ," ಅಂದ. "ಇನ್ನೂ ಸ್ವಲ್ಪ ಇದೆ. ಪೂರ್ತಿ ಹೋಗ್ಲಿ ಅಂತ ಇಷ್ಟು ದಿನ ಕಾದೆ. ಕೋಪ ಹೋಗ್ಲಿಲ್ಲ, ಕಾಲೇ ಈ ಕಡೆ ಬಂತು. ಅಮ್ಮನ ಹತ್ರ ಎಲ್ಲಾ ಹೇಳಿದೆ."

"ಏನಂದ್ರು?"

"ಬೆರಳಿಗೆ ಮುಲಾಮು ಹಚ್ಚಿದ್ರು. ಆಮೇಲೆ, ತಾನೇ ಬಂದು ತಪ್ಪು ಒಪ್ಪಿಕೊಂಡ ಹುಡುಗೀನ ಹೋಗು ಅಂದ್ಯಾ ದಡ್ಡಾ ಅಂತ ನಂಗೇ ಬೈದ್ರು."

ನನ್ನ ಕಣ್ಣಲ್ಲಿ ನೀರು ಬಂತು. ಮುಚ್ಚಿಡಲು ಹೋಗಲಿಲ್ಲ. ಅಪ್ಪ ಪೇಪರ್ ಮಡಚಿ, ಟೀ ಕುಡಿದು ಬರುತ್ತೇನೆ ಅಂತ ಎದ್ದು ಹೋದರು.

"ಇನ್ಮೇಲೆ ನಾನು ಬರಬೇಕು ಅನ್ನಿಸಿದ್ರೆ," ಅಂದ ಅವನು, "ಬಾ ಅಂತ ನೇರವಾಗಿ ಹೇಳಿ."

"ಬಾ," ಅಂದೆ.

"ಯಾವತ್ತು?"

"ದಿನಾ."