ಒಡೆಯದ ಸೀಲು

ಹದಿನಾಲ್ಕನೇ ತಾರೀಖು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಇನ್ನೂ ಪೊರಕೆ ಇತ್ತು. ಕೆಳಗಿಡಲು ಮರೆತಿದ್ದಳು. ಎಂಟು ಮಹಡಿಯ ವಸತಿ ಕಟ್ಟಡವೊಂದರಲ್ಲಿ ಆಕೆಯೂ ಆಕೆಯ ಅಕ್ಕನೂ ಗುಡಿಸುವ ಕೆಲಸಕ್ಕಿದ್ದರು. ಎಂಟು ಗಂಟೆಯ ಸುಮಾರಿಗೆ ಐದನೇ ಮಹಡಿಯಲ್ಲಿ ಅಕ್ಕ ಕಸದ ಡಬ್ಬಿಯನ್ನು ಲಿಫ್ಟಿನೊಳಗೆ ತಳ್ಳುತ್ತಿದ್ದಾಗ, ಬಾಗಿಲು ತೆರೆದಿದ್ದಂತೆಯೇ ಲಿಫ್ಟ್ ಕೆಳಕ್ಕೆ ಜಾರಿತ್ತು. ಅಕ್ಕ ಸ್ಥಳದಲ್ಲೇ ತೀರಿಕೊಂಡಿದ್ದಳು.

"ಅಲ್ಲಿ ಇರೋದು ಒಂದೇ ಲಿಫ್ಟಾ?" ಇನ್‌ಸ್ಪೆಕ್ಟರ್ ಕೇಳಿದರು.

"ಎರಡು ಮೇಡಂ. ನಾವು ಕಸ ಇಳಿಸೋದು ಇನ್ನೊಂದರಲ್ಲೇ. ಮೂರು ದಿನದಿಂದ ಅದಕ್ಕೆ ಯಾರೋ ಸೀಲ್ ಹಾಕ್ಬಿಟ್ಟಿದಾರೆ."

"ಯಾರು?"

"ಅದನ್ನೇ ಕೇಳೋಕೆ ಬಂದೆ."

ಹತ್ತು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಂಭವಿಸಿದ ಸಾವು, ಆರೋಪಿ ಅಪರಿಚಿತ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ 'ಅಪರಿಚಿತ' ಎಂಬ ಪದ ಕಂಡಾಗಲೆಲ್ಲ ಇನ್‌ಸ್ಪೆಕ್ಟರಿಗೆ ಮೈ ಉರಿಯುತ್ತಿತ್ತು. ಮುಕ್ಕಾಲು ಪಾಲು ಸಲ ಆ ಅಪರಿಚಿತ ಎಲ್ಲರಿಗೂ ಪರಿಚಿತನೇ ಆಗಿರುತ್ತಾನೆ.

ಹನ್ನೊಂದಕ್ಕೆ ಪಂಚನಾಮೆ ಶುರುವಾಯಿತು. ತಾರಸಿಯ ಮೇಲಿನ ಕೋಣೆಯಲ್ಲಿ ಎರಡು ಮೋಟಾರು, ಗೋಡೆಗೆ ಎರಡು ಸ್ವಿಚ್ ಪೆಟ್ಟಿಗೆ. ಪೆಟ್ಟಿಗೆಗಳ ಮೇಲೆ ಹೊಸ ಹಳದಿ ಸ್ಟಿಕರ್: ಲಿಫ್ಟ್ ಒಂದು, ಲಿಫ್ಟ್ ಎರಡು. ಒಂದನೆಯದರ ಹಿಡಿಕೆಯನ್ನು ಆಫ್ ಮಾಡಿ, ಅದಕ್ಕೆ ತಂತಿ ಬಿಗಿದು ಸೀಸದ ಸೀಲು ಒತ್ತಲಾಗಿತ್ತು. ಸೀಲು ಎಲ್ಲಿಯೂ ಒಡೆದಿರಲಿಲ್ಲ. ಜೊತೆಗೆ ಬಂದಿದ್ದ ಲಿಫ್ಟ್ ಮೆಕ್ಯಾನಿಕ್ ಎರಡೂ ಮೋಟಾರುಗಳ ಬ್ರೇಕು ಬಿಚ್ಚಿ ನೋಡಿ ತಲೆ ಕೆರೆದುಕೊಂಡ.

"ಸೀಲ್ ಹಾಕಿರೋದು ಗಟ್ಟಿಮುಟ್ಟಾಗಿದೆ ಮೇಡಂ. ಜಾರಿದ್ದರ ಬ್ರೇಕು ಸವೆದು ಕಾಗದ ಆಗಿದೆ. ಹಾಕೋದೇ ಆಗಿದ್ರೆ ಇದಕ್ಕೆ ಹಾಕ್ಬೇಕಿತ್ತು."

ಬಾಗಿಲಲ್ಲಿ ನಿಂತಿದ್ದ ತಂಗಿ ಹೇಳಿದಳು, "ಅದು ನಿಂತ ಮೇಲೂ ಒಂದು ಗೇಣು ಜಾರ್ತಿತ್ತು. ಅದಕ್ಕೇ ನಾವಿಬ್ರೂ ಅದನ್ನ ಹತ್ತುತಿರ್ಲಿಲ್ಲ. ಆದ್ರೆ ಎಂಟು ಮಹಡಿ ಕಸ ಹೊತ್ಕೊಂಡು ಎಷ್ಟು ದಿನ ಮೆಟ್ಟಿಲು ಇಳಿಯೋದು?"

"ಯಾರಿಗಾದ್ರೂ ಹೇಳಿದ್ರಾ?"

"ನಮ್ಮನ್ನ ಯಾರು ಕೇಳ್ತಾರೆ ಮೇಡಂ?"

ಇನ್‌ಸ್ಪೆಕ್ಟರ್ ಸೀಲಿದ್ದ ಪೆಟ್ಟಿಗೆಯ ಸ್ಟಿಕರಿನ ಅಂಚನ್ನು ಉಗುರಿನಿಂದ ಎಬ್ಬಿಸಿದರು. ಅದರಡಿಯಲ್ಲಿ ಹಳೆಯ ಬಣ್ಣದ ಅಂಕಿ ಇತ್ತು: ಎರಡು. ಮತ್ತೊಂದರ ಸ್ಟಿಕರಿನಡಿ ಒಂದು. ಪಂಚನಾಮೆಯಲ್ಲಿ ಅದನ್ನೂ ಬರೆಸಿ ಫೋಟೊ ತೆಗೆಸಿದರು.

ಕಟ್ಟಡದ ಸಂಘದ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಲೈಸೆನ್ಸ್ ತೋರಿಸಿದರು. ಅದನ್ನು ಕೊಟ್ಟು ಐದು ತಿಂಗಳಷ್ಟೇ ಆಗಿತ್ತು.

"ಯಾರು ಬಂದು ತಪಾಸಣೆ ಮಾಡಿದ್ರು?"

"ಯಾರೂ ಬರ್ಲಿಲ್ಲ. ಎಲ್ಲ ಸರಿ ಇದೆ ಅಂತ ನಾವೇ ಮೊಬೈಲಲ್ಲಿ ಒತ್ತಿದ್ವಿ. ಆಮೇಲೆ ಸ್ಟಿಕರ್ ಅಂಟಿಸೋರು ಬಂದು, ರಸ್ತೆ ಕಡೆಯಿಂದ ಎಣಿಸಿ ಅಂಟಿಸಿ ಹೋದ್ರು. ಸೀಲೂ ಅವರದೇ ಇರ್ಬೇಕು ಅಂದ್ಕೊಂಡೆ."

ಸೀಲಿನ ಮೇಲೆ ಲಿಫ್ಟ್ ತಪಾಸಣಾ ಇಲಾಖೆಯ ಮುದ್ರೆ ಮತ್ತು ಏಳು ಎಂಬ ಅಂಕಿ ಇತ್ತು. ಆ ಇಲಾಖೆಯೇ ಈಗ ಇರಲಿಲ್ಲ. ಆರು ತಿಂಗಳ ಹಿಂದೆ ಲಿಫ್ಟು, ಬಾಯ್ಲರು, ತೂಕ, ಅಂಗಡಿ, ವಾಹನ ಇವುಗಳ ಲೈಸೆನ್ಸ್ ಕಚೇರಿಗಳನ್ನೂ ತೆರಿಗೆ ಕಟ್ಟುವ ಕಿಟಕಿಯನ್ನೂ ಒಂದೇ ಸೂರಿನಡಿ ತಂದು, ಖಾಸಗಿ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದ್ದರು.

ಮಧ್ಯಾಹ್ನ ಎರಡೂವರೆಗೆ ಇನ್‌ಸ್ಪೆಕ್ಟರ್ ಹಾಗೂ ಹೆಡ್ ಕಾನ್‌ಸ್ಟೇಬಲ್ ಆ ಸೇವಾ ಕೇಂದ್ರಕ್ಕೆ ಹೋದರು. ಬಾಗಿಲಲ್ಲೇ ಕನ್ನಡಕದ ಹಿರಿಯರೊಬ್ಬರು ಟೋಕನ್ ಹರಿದುಕೊಟ್ಟರು. ಯಂತ್ರವೇ ಅಂಕಿ ಮುದ್ರಿಸುತ್ತಿದ್ದರೂ, ಅವರು ಅದನ್ನು ತಮ್ಮ ಪುಸ್ತಕದಲ್ಲಿ ಪೆನ್ಸಿಲಿನಿಂದ ಇನ್ನೊಮ್ಮೆ ಬರೆದುಕೊಂಡರು.

"ಪೊಲೀಸರಿಗೂ ಟೋಕನ್ನಾ?" ಹೆಡ್ ಕಾನ್‌ಸ್ಟೇಬಲ್ ಗುರುಗುಟ್ಟಿದರು.

"ಯಮ ಬಂದ್ರೂ ಟೋಕನ್ ತಗೋಬೇಕು ಸಾರ್. ಹೊಸ ನಿಯಮ."

ಐವತ್ತು ನಿಮಿಷ ಕಾದ ಮೇಲೆ ಮ್ಯಾನೇಜರ್ ಸಿಕ್ಕ. ಇನ್ನೂ ಮೂವತ್ತು ದಾಟದ ಆತ ನಯವಾಗಿಯೇ ಮಾತಾಡಿದ. "ನಾವು ಯಾವ ಲಿಫ್ಟಿಗೂ ಸೀಲ್ ಹಾಕಲ್ಲ ಮೇಡಂ. ನಮ್ಮ ಕಂಪ್ಯೂಟರಲ್ಲಿ ಹಾಗೊಂದು ಬಟನ್ನೇ ಇಲ್ಲ."

ಹಳೆಯ ಇಲಾಖೆ ಕಂಪನಿಗೆ ಒಪ್ಪಿಸಿದ ಸಾಮಾನುಗಳ ಪಟ್ಟಿಯನ್ನು ಇನ್‌ಸ್ಪೆಕ್ಟರ್ ತರಿಸಿದರು. ನಲವತ್ತೊಂದನೇ ಸಾಲು: ಸೀಲು ಒತ್ತುವ ಇಕ್ಕಳ, ಸಂಖ್ಯೆ ಏಳು, ನಾಶಪಡಿಸಲಾಗಿದೆ. ಕೊನೆಯ ಸಾಲು: ಬಾಕಿ ಆಕ್ಷೇಪಣೆ ಯಾವುದೂ ಇಲ್ಲ. ಕೆಳಗೆ ಹಳೆಯ ಇಲಾಖೆಯ ಗುಮಾಸ್ತರೊಬ್ಬರ ದುಂಡಗಿನ ಸಹಿ.

"ಈ ಗುಮಾಸ್ತರು ಈಗೆಲ್ಲಿದಾರೆ?"

"ಇಲ್ಲೇ ಇದಾರಲ್ಲ. ನಿಮಗೆ ಟೋಕನ್ ಕೊಟ್ಟೋರು."

ನಾಲ್ಕೂ ಮುಕ್ಕಾಲಿಗೆ ಠಾಣೆಯಲ್ಲಿ ವಿಚಾರಣೆ ನಡೆಯಿತು. ಗುಮಾಸ್ತರು ಏನನ್ನೂ ಮುಚ್ಚಿಡಲಿಲ್ಲ. ಊಟದ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಇಕ್ಕಳವನ್ನೂ ಕಟ್ಟಡಗಳ ವಿಳಾಸ ಬರೆದ ಕೆಲವು ಚೀಟಿಗಳನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಸೀಲ್ ಹಾಕಿದ್ದು ನಾನೇ. ಅದನ್ನ ಒಡೆದೋರು ಯಾರು, ಅದು ಹೇಳಿ ಮೇಡಂ."

"ಮೊದ್ಲು ಯಾಕೆ ಹಾಕಿದ್ರಿ ಹೇಳಿ."

"ನಮ್ಮ ಸಾಹೇಬರು ಹನ್ನೊಂದು ಲಿಫ್ಟಿಗೆ ಆಕ್ಷೇಪಣೆ ಬರೆದಿಟ್ಟು ರಿಟೈರ್ ಆದ್ರು. ರಿಪೇರಿ ಆಗೋವರೆಗೂ ಲೈಸೆನ್ಸ್ ಕೊಡಬೇಡಿ ಅಂತ. ಕಚೇರಿ ಒಪ್ಪಿಸೋ ದಿನ ಮೇಲಿನವರು, ಬಾಕಿ ಏನೂ ಇಲ್ಲ ಅಂತ ಬರೆದುಬಿಡಿ ಅಂದ್ರು. ಬರೆದೆ. ಒಂದೇ ಮಧ್ಯಾಹ್ನ ಇನ್ನೂರ ಹನ್ನೆರಡು ಲೈಸೆನ್ಸ್ ಹೊರಬಿದ್ವು. ಆಮೇಲೆ ಕಂಪನಿಗೆ ಆರು ಪತ್ರ ಬರೆದೆ. ನಿಮ್ಮ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ ಅಂತ ಆರಕ್ಕೂ ಉತ್ತರ ಬಂತು."

"ಅದಕ್ಕೆ ನೀವೇ ಹೊರಟ್ರಿ."

"ಏಳು ಕಟ್ಟಡದಲ್ಲಿ ಹಾಕಿದೆ. ಸೀಲ್ ನೋಡಿ ಹೆದರಿ ಏಳೂ ಕಡೆ ರಿಪೇರಿ ಮಾಡಿಸ್ಕೊಂಡ್ರು. ಇದು ಎಂಟನೇದು. ಸೀಲ್ ಒಡೆದು ಓಡಿಸಿದಾರಲ್ಲ, ಆ ಪಾಪಿಗಳನ್ನ ಹಿಡೀರಿ."

ಇನ್‌ಸ್ಪೆಕ್ಟರ್ ಪಂಚನಾಮೆಯ ಕಡತ ಬಿಚ್ಚಿದರು. ಫೋಟೊಗಳನ್ನು ಒಂದೊಂದಾಗಿ ಅವರ ಮುಂದೆ ಸರಿಸಿದರು.

"ಸೀಲು ಯಾರೂ ಒಡೆದಿಲ್ಲ. ನೀವು ಹಾಕಿದ ಹಾಗೇ ಇದೆ."

ಗುಮಾಸ್ತರು ಕನ್ನಡಕ ಒರೆಸಿಕೊಂಡು ನೋಡಿದರು. "ಲಿಫ್ಟ್ ಒಂದು. ಕಡತದಲ್ಲೂ ಒಂದು ಅಂತಲೇ ಇದೆ. ನಂಬರ್ ಸರಿ ಇದೆ ಮೇಡಂ."

"ಸ್ಟಿಕರ್ ಕೆಳಗೆ ನೋಡಿ. ನಿಮ್ಮ ಇಲಾಖೆಯವರು ಮೆಟ್ಟಿಲ ಕಡೆಯಿಂದ ಎಣಿಸಿದ್ರು. ಕಂಪನಿಯವರು ರಸ್ತೆ ಕಡೆಯಿಂದ. ಇಲಾಖೆಯಲ್ಲಿದ್ದಾಗ ಯಾವತ್ತಾದ್ರೂ ಮೋಟಾರ್ ನೋಡೋಕೆ ಹತ್ತಿದ್ರಾ?"

"ಇಲ್ಲ. ಹತ್ತುತಿದ್ದೋರು ಸಾಹೇಬರು. ನನ್ನದು ಕಡತ." ಫೋಟೊವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು ಮೆಲ್ಲಗೆ ಹೇಳಿದರು, "ಆ ಏಳು ಕಡೆ ಒಂದೊಂದೇ ಲಿಫ್ಟ್ ಇದ್ವು."

ಅವರು ಒಳ್ಳೆಯ ಲಿಫ್ಟನ್ನು ನಿಲ್ಲಿಸಿ, ಇಡೀ ಕಟ್ಟಡವನ್ನು ಕೆಟ್ಟದ್ದಕ್ಕೆ ಹತ್ತಿಸಿದ್ದರು. ಹೆಡ್ ಕಾನ್‌ಸ್ಟೇಬಲ್ ತಂದಿಟ್ಟ ನೀರು ಹಾಗೇ ಉಳಿಯಿತು.

ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಗುಮಾಸ್ತರನ್ನು ಬಂಧಿಸಿದರು. ಆರೋಪಿಗಳ ಪಟ್ಟಿಯಲ್ಲಿ ಮ್ಯಾನೇಜರನ್ನೂ ಕಾರ್ಯದರ್ಶಿಯನ್ನೂ ಇನ್‌ಸ್ಪೆಕ್ಟರ್ ಸೇರಿಸಿದರು. ಆ ಇಬ್ಬರ ಹೆಸರು ಮೇಲಿನ ಕಚೇರಿಗಳಲ್ಲಿ ಹೆಚ್ಚು ದಿನ ಉಳಿಯುತ್ತದೆಂಬ ನಂಬಿಕೆ ಅವರಿಗೆ ಇರಲಿಲ್ಲ. ಗುಮಾಸ್ತರಿಗೆ ದುಡ್ಡಿನ ಆಸೆ ಇರಲಿಲ್ಲ, ಯಾರ ಮೇಲೂ ಹಗೆ ಇರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಸುಳ್ಳು ಬರೆದಿದ್ದು ಆ ಒಂದು ಪಟ್ಟಿಯಲ್ಲಿ ಮಾತ್ರ. ಅದನ್ನು ಅಳಿಸಲು ಹೊರಟಿದ್ದರು.

"ಇನ್ನು ಮೂರು ಕಟ್ಟಡ ಉಳಿದಿವೆ ಮೇಡಂ," ಲಾಕಪ್ಪಿನ ಕಂಬಿ ಹಿಡಿದು ಅವರು ಹೇಳಿದರು. "ಮೂರರಲ್ಲೂ ಎರಡೆರಡು ಲಿಫ್ಟ್. ಚೀಟಿ ಅಲ್ಲೇ ಇವೆ. ದಯವಿಟ್ಟು ನಂಬರ್ ನೋಡ್ಬೇಡಿ."

ಇನ್‌ಸ್ಪೆಕ್ಟರ್ ವಿಳಾಸಗಳನ್ನು ಬರೆದು ಹೆಡ್ ಕಾನ್‌ಸ್ಟೇಬಲ್ ಕೈಗಿಟ್ಟರು. "ಮೆಕ್ಯಾನಿಕ್‌ನ ಕರ್ಕೊಂಡು ಈಗ್ಲೇ ಹೊರಡಿ. ಎರಡೂ ಬ್ರೇಕ್ ಬಿಚ್ಚಿ ನೋಡ್ಲಿ. ಅದಕ್ಕೂ ಮುಂಚೆ ಅಲ್ಲಿ ಗುಡಿಸೋರು ಯಾರಿದಾರೋ ಅವರನ್ನ ಕೇಳಿ."

ಬೆಂಚಿನ ಮೇಲೆ ಕೂತಿದ್ದ ತಂಗಿ ತಲೆ ಎತ್ತಿದಳು. ಅಕ್ಕನ ಶವ ಕೊಡುವುದು ನಾಳೆ ಬೆಳಿಗ್ಗೆ ಎಂದು ಆಸ್ಪತ್ರೆಯಿಂದ ಹೇಳಿ ಕಳಿಸಿದ್ದರು.

"ನಾನೂ ಹೋಗ್ಲಾ ಮೇಡಂ? ಅವರು ಪೊಲೀಸರ ಮುಂದೆ ಬಾಯಿ ಬಿಡಲ್ಲ. ನನ್ನ ಹತ್ರ ಹೇಳ್ತಾರೆ."

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಆಕೆ ಪೊರಕೆ ಹಿಡಿದುಕೊಂಡೇ ಜೀಪು ಹತ್ತಿದಳು.